ಹಸಿರು ಬಾಲದ ವಿಮಾನಕ್ಕೆ ಹಚ್ಚಿದ ಕೈ

ವಿಮಾನ ನೆಲಕ್ಕಿಳಿದು ಮತ್ತೆ ಮೇಲೇರುವುದರ ನಡುವಿನ ಹೊತ್ತಿನಲ್ಲಿ ನನ್ನ ಸೊಸೆ ದುರ್ಗಾದೇವಿಯ ನೌಕರಿ ಇತ್ತು. ಬಂದವರು ಇಳಿದ ಮೇಲೆ, ಹೋಗುವವರು ಹತ್ತುವುದರೊಳಗೆ, ಒಳಗೆ ಹೊಕ್ಕು ಕಸ ತೆಗೆದು ಹೊರಗೆ ಬರಬೇಕು. ಗಿಣಿಗೇರಾದ ನಮ್ಮ ಓಣಿಯಲ್ಲಿ ಮಾತ್ರ ಆಕೆ ವಿಮಾನದಾಗ ಕೆಲಸ ಮಾಡ್ತಾಳ ಅಂತಲೇ ಸುದ್ದಿ.

"ಏನ್ರಿ ಹೊಳಿಯಮ್ಮವ್ವ, ಸೊಸಿ ಇವತ್ತ ಹೈದರಾಬಾದಿಗೆ ಹಾರ್ಯಾಳೊ, ಬೆಂಗಳೂರಿಗೊ?" ಎಂದು ನಲ್ಲಿಯ ಹತ್ತಿರ ನನ್ನನ್ನು ಕೆಣಕುತ್ತಿದ್ದರು.

"ಹಾರೋದು ವಿಮಾನ. ಆಕಿ ನೆಲದ ಮ್ಯಾಲ ಅದಾಳ. ಸಂಜೀಕ ಬಂದು ರೊಟ್ಟಿ ಬಡೀತಾಳ" ಎನ್ನುತ್ತಿದ್ದೆ.

ಸುಳ್ಳಲ್ಲ ಅದು. ಎಷ್ಟೋ ಸಾವಿರ ಸೀಟಿನ ಬೆಲ್ಟನ್ನು ಅಡ್ಡಡ್ಡ ಮಡಚಿ ಇಟ್ಟವಳು ಒಂದು ದಿನವೂ ಆ ಬೆಲ್ಟನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿಲ್ಲ. ಅದರ ಬಗ್ಗೆ ಆಕೆಗೆ ದುಃಖವೂ ಇರಲಿಲ್ಲ. ಆಕೆಯ ದುಃಖ ಬೇರೆ. ಅದನ್ನು ಸರಿಯಾಗಿ ಹೇಳಬೇಕಾದರೆ ಸಿದ್ದಾಪುರದ ಗದ್ದೆಯಿಂದ ಶುರು ಮಾಡಬೇಕು.

ದುರ್ಗಾದೇವಿ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾವು ಸಿದ್ದಾಪುರದಲ್ಲಿದ್ದೆವು. ಕಾಲುವೆಗೆ ನೀರು ಬಿಟ್ಟರೆ ಸಾಕು, ಹೆಂಗಸರ ಗುಂಪುಗಳು ಭತ್ತದ ಸಸಿ ಹಚ್ಚಲು ಹೊರಡುತ್ತಿದ್ದವು. ನನ್ನದೂ ಒಂದು ಗುಂಪು. ನನ್ನ ಯಜಮಾನರು ತೀರಿಕೊಂಡ ಮೇಲೆ ಆ ಗುಂಪೇ ನನ್ನ ಮನೆ ನಡೆಸಿತು. ಕೂಲಿ ಎಕರೆ ಲೆಕ್ಕ. ಯಾರು ಎಷ್ಟು ಹಚ್ಚಿದರು ಎಂದು ಬದುವಿನ ಮೇಲೆ ನಿಂತ ಹೊಲದೊಡೆಯ ಕೇಳುವುದಿಲ್ಲ, ಎಕರೆ ಮುಗಿಯಿತೋ ಇಲ್ಲವೋ ಅಷ್ಟೇ ನೋಡುತ್ತಾನೆ.

ಸಸಿ ಹಚ್ಚುವವರು ಎಲ್ಲರೂ ಒಂದು ಗೆರೆಯಲ್ಲಿ ಬಗ್ಗಿ ನಿಂತು, ಹಚ್ಚುತ್ತ ಹಚ್ಚುತ್ತ ಹಿಂದಕ್ಕೆ ಸರಿಯುತ್ತಾರೆ. ಯಾರಾದರೂ ನಿಧಾನ ಆದರೆ ಆಕೆ ಮುಂದೆಯೇ ಉಳಿಯುತ್ತಾಳೆ. ಎರಡೂ ಬದಿಗೆ ಹಸಿರು ಎದ್ದು, ಆಕೆ ಗಲ್ಲಿಯೊಳಗೆ ಸಿಕ್ಕಿಕೊಂಡ ಹಾಗೆ ಕಾಣುತ್ತಾಳೆ. ಆಗ ಆಕೆಯ ಎಡಕ್ಕಿದ್ದವಳು, ಬಲಕ್ಕಿದ್ದವಳು, ತಮ್ಮ ಕೈ ಸ್ವಲ್ಪ ಅಗಲ ಮಾಡಿ ಆಕೆಯ ಪಾಲಿನಲ್ಲಿ ಎರಡೆರಡು ಸಸಿ ತಾವೇ ಹಚ್ಚುತ್ತಾರೆ. ಆಕೆಯ ಪಾಲು ಸಣ್ಣದಾಗಿ, ಆಕೆ ಬೇಗ ಬೇಗ ಸರಿದು ಗೆರೆಗೆ ಬಂದು ಸೇರುತ್ತಾಳೆ. ಇದಕ್ಕೆ ನಾವು ಕೈ ಹಚ್ಚೋದು ಅಂತೀವಿ. ಯಾರೂ ಕೇಳುವುದಿಲ್ಲ. ಕೈ ಹಚ್ಚಿದವರು ಹೇಳಿಕೊಳ್ಳುವುದೂ ಇಲ್ಲ. ಹಾಗೆ ಹೇಳಿಕೊಂಡವಳನ್ನು ಮರುದಿನ ಗುಂಪಿಗೆ ಕರೆಯುತ್ತಿರಲಿಲ್ಲ ನಾನು.

ದುರ್ಗಾದೇವಿ ಬಂದ ಹೊಸದರಲ್ಲಿ ಭಾಳ ನಿಧಾನ. ಆಕೆಯ ತವರು ಯಲಬುರ್ಗಾ ಕಡೆ, ಜೋಳದ ಹೊಲ ಕಂಡವಳು, ಕೆಸರು ಕಂಡವಳಲ್ಲ. ಮೊದಲ ದಿನ ಗಲ್ಲಿಯೊಳಗೆ ಸಿಕ್ಕಿಕೊಂಡು ಅಳುವ ಹಾಗಾಗಿದ್ದಳು. ಬಲಕ್ಕಿದ್ದವಳು ಕಳಕಮ್ಮ. "ಯವ್ವಾ, ಜ್ವಾಳದ ಹೊಲದಾಕಿ, ಅದು ಭತ್ತ ಐತಿ, ಕೈ ಮುಗದು ಹಚ್ಚಬ್ಯಾಡ, ಚುಚ್ಚಿ ಬಿಡು" ಎಂದು ನಗಿಸಿ, ಆಕೆಯ ಅರ್ಧ ಪಾಲು ತಾನೇ ಹಚ್ಚಿದ್ದಳು. ಎರಡು ಬೆಳೆ ಆಗುವುದರೊಳಗೆ ಸೊಸೆಯ ಕೈ ಎಷ್ಟು ಚುರುಕಾಯಿತೆಂದರೆ, ಯಾರು ಹಿಂದೆ ಬಿದ್ದರು ಎಂದು ತಲೆ ಎತ್ತಿ ನೋಡದೆಯೇ ಆಕೆಯ ಕೈ ಪಕ್ಕದ ಪಾಲಿಗೆ ಹೋಗುತ್ತಿತ್ತು.

ಆಮೇಲೆ ನನ್ನ ಮಗ ಮರಿಸ್ವಾಮಿಗೆ ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾವು ಇಲ್ಲಿಗೆ ಬಂದೆವು. ನಮ್ಮ ಹಿಂದೆ ಕಳಕಮ್ಮನ ಮನೆಯವರೂ ಬಂದರು, ಇನ್ನೂ ಒಂದಿಷ್ಟು ಮನೆಗಳು ಬಂದವು. ಕಾರ್ಖಾನೆಯಲ್ಲಿ ಗಂಡಸರಿಗೆ ಕೆಲಸ. ಹೆಂಗಸರು ಹೊಗೆಯ ಬೂದಿ ಕೂತ ಅಂಗಳ ಗುಡಿಸಿಕೊಂಡು ಕೂತರು. ಈ ಕಡೆಯ ಸಣ್ಣ ವಿಮಾನ ನಿಲ್ದಾಣದಲ್ಲಿ ಕಸ ತೆಗೆಯಲು ಹೆಂಗಸರು ಬೇಕಾಗಿದ್ದಾರೆ ಎಂದು ಗೊತ್ತಾದಾಗ ದುರ್ಗಾದೇವಿ ಒಬ್ಬಳೇ ಹೋಗಿ ಕೇಳಿಕೊಂಡು ಬಂದಳು. "ಆರು ಮಂದಿ ಬೇಕಂತ ಅತ್ತಿ. ನಾನ ಕರಕೊಂಡು ಬರ್ತೀನಿ ಅಂತ ಮಾತು ಕೊಟ್ಟ ಬಂದೀನಿ" ಎಂದಳು. ಹಳೆಯ ನಾಟಿ ಗುಂಪಿನ ಐದು ಮಂದಿಯನ್ನು ಮನೆ ಮನೆಗೆ ಹೋಗಿ ಎಬ್ಬಿಸಿದಳು. ಕಳಕಮ್ಮನಿಗೆ ಅಷ್ಟರಲ್ಲಿ ಮೊಣಕಾಲು ಹೋಗಿತ್ತು. ಕೆಸರಿನಲ್ಲಿ ಕಾಲು ಕಿತ್ತಿಡಲು ಆಗುತ್ತಿರಲಿಲ್ಲ, ಆದರೆ ಗಟ್ಟಿ ನೆಲದ ಮೇಲೆ ಕೆಲಸ ಮಾಡಬಲ್ಲವಳು. ಸುರೇಖಾ ಎನ್ನುವ ಹುಡುಗಿ ಎಲ್ಲರಿಗಿಂತ ಸಣ್ಣವಳು, ಗಂಡ ಬಿಟ್ಟು ಹೋದವಳು. "ನಾ ಅದೀನಿ, ಬರ್ರಿ" ಎಂದು ದುರ್ಗಾದೇವಿ ಅವರಿಗೆಲ್ಲ ಹೇಳಿದ್ದಳು. ಆ ಮಾತು ಆಕೆಗೆ ಹೊರೆಯಾಯಿತು.

ಆ ನಿಲ್ದಾಣಕ್ಕೆ ಎರಡು ಕಂಪನಿಯ ವಿಮಾನ ಬರುತ್ತಿದ್ದವು. ಒಂದಕ್ಕೆ ಕೆಂಪು ಬಾಲ, ಒಂದಕ್ಕೆ ಹಸಿರು ಬಾಲ. ಅವುಗಳ ಹೆಸರು ನಮ್ಮ ಹೆಂಗಸರ ಬಾಯಲ್ಲಿ ಹೊರಳುತ್ತಿರಲಿಲ್ಲ, ಬಾಲದ ಮೇಲೆಯೇ ಕರೆಯುತ್ತಿದ್ದರು. ಕೆಂಪು ಬಾಲದ ಕಸ ತೆಗೆಯುವ ಗುತ್ತಿಗೆ ಒಬ್ಬನದು, ಹಸಿರು ಬಾಲದ್ದು ಇನ್ನೊಬ್ಬನದು. ನಮ್ಮವರು ಕೆಂಪು ಬಾಲದ ಕಡೆ. ಹಸಿರು ಬಾಲದ ಕಡೆ ಕೊಪ್ಪಳದ ಶಹನಾಜಬೇಗಂ ಮತ್ತು ಆಕೆಯ ಜೊತೆಯವರು. ಜಾಕೀಟು ಬೇರೆ ಬೇರೆ, ಕೊರಳಿನ ಪಾಸು ಮಾತ್ರ ಎಲ್ಲರದೂ ಒಂದೇ ನಮೂನೆ. ಮನೆಗೆ ಬಿಡುತ್ತಿದ್ದದ್ದೂ ಮಲಿಕಸಾಬನ ಒಂದೇ ಟಂಟಂ ಆಟೋ. ಮಾಲಕರು ಪೈಪೋಟಿಯಲ್ಲಿದ್ದರೆ ಹೆಂಗಸರು ತೊಡೆಯ ಮೇಲೆ ತೊಡೆ ಇಟ್ಟುಕೊಂಡು ಒಂದೇ ಗಾಡಿಯಲ್ಲಿ ಕೂತು ಬರುತ್ತಿದ್ದರು.

ವಿಮಾನದೊಳಗೆ ನಮ್ಮವರು ಕೆಲಸ ಹಂಚಿಕೊಂಡದ್ದು ಗದ್ದೆಯ ಹಾಗೆಯೇ. ಮುಂದಿನ ಸೀಟಿನಿಂದ ಶುರು. ಸೀಟಿನ ಹಿಂದಿನ ಚೀಲದಲ್ಲಿ ಕೈ ಹಾಕಿ ಕಸ ತೆಗೆಯುವುದು, ಊಟದ ಹಲಗೆ ಒರೆಸುವುದು, ಬೆಲ್ಟು ಮಡಚುವುದು, ಕೊನೆಗೆ ಕಸ ಎಳೆಯುವ ಮಷೀನು. ಒಬ್ಬಾಕೆಯ ಸಾಲಿನಲ್ಲಿ ಮಕ್ಕಳು ವಾಂತಿ ಮಾಡಿದ್ದರೆ ಆಕೆ ಅಲ್ಲೇ ನಿಲ್ಲುತ್ತಾಳೆ, ಹಿಂದಿನವಳು ಮುಂದಿನವಳು ಆಕೆಯ ಉಳಿದ ಸೀಟು ಮುಗಿಸುತ್ತಾರೆ. "ಕೆಸರು ಇಲ್ಲ ಅಷ್ಟ ಅತ್ತಿ, ಉಳದದ್ದೆಲ್ಲ ನಾಟೀನ" ಎಂದು ಸೊಸೆ ಹೇಳುತ್ತಿದ್ದಳು.

ಹಸಿರು ಬಾಲದ ಕಡೆಯೂ ಮೊದಲು ಆರು ಮಂದಿ ಇದ್ದರು. ಒಬ್ಬಾಕೆ ಬಾಣಂತನಕ್ಕೆ ಹೋದಳು. ಇನ್ನೊಬ್ಬಾಕೆಯ ಗಂಡನಿಗೆ ಬೇರೆ ಊರಿನಲ್ಲಿ ಕೆಲಸವಾಗಿ ಆಕೆಯೂ ಹೋದಳು. ಆ ಗುತ್ತೇದಾರ ಬದಲಿ ಯಾರನ್ನೂ ಹಾಕಲಿಲ್ಲ. ನಾಲ್ಕೇ ಮಂದಿ ಓಡಾಡುತ್ತಿದ್ದರು. ಒಂದು ಬೆಳಿಗ್ಗೆ ಕೆಂಪು ಬಾಲ ಇನ್ನೂ ಬಂದಿರಲಿಲ್ಲ. ನಮ್ಮ ಆರು ಮಂದಿ ನೆರಳಲ್ಲಿ ಕೂತಿದ್ದರು. ಆಚೆ ಹಸಿರು ಬಾಲದ ಕಿಟಕಿಯಲ್ಲಿ ಶಹನಾಜಬೇಗಂ ಒಬ್ಬಳೇ ಹಿಂದಿನ ಸೀಟುಗಳಲ್ಲಿ ಸಿಕ್ಕಿಕೊಂಡದ್ದು ಕಾಣುತ್ತಿತ್ತು. ಜನ ಆಗಲೇ ಬಿಸಿಲಲ್ಲಿ ಸಾಲು ನಿಂತಿದ್ದರು. ದುರ್ಗಾದೇವಿ ಎದ್ದಳು. ಏನೂ ಯೋಚಿಸಲಿಲ್ಲ, ಎದ್ದೆ ಅಷ್ಟೇ, ಎಂದು ನನಗೆ ಆಮೇಲೆ ಹೇಳಿದಳು. ಆಕೆಯ ಹಿಂದೆ ಸುರೇಖಾ ಎದ್ದಳು. ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟುಗಳನ್ನು ಮುಗಿಸಿ ಇಳಿದು ಬಂದರು. ಪಾಸು ಒಂದೇ ನಮೂನೆ ಆದ್ದರಿಂದ ಕಾವಲಿನವನೂ ತಡೆಯಲಿಲ್ಲ.

ಸಂಜೆ ಟಂಟಂನಲ್ಲಿ ಶಹನಾಜಬೇಗಂ ಏನೋ ಹೇಳಲು ಬಾಯಿ ತೆರೆದಳಂತೆ. ಕಳಕಮ್ಮ ತಡೆದು, "ಶುಕರಿಯಾ ಗಿಕರಿಯಾ ಏನೂ ಬ್ಯಾಡ. ನಾಳಿ ಆ ಮಿರ್ಚಿ ಉಪ್ಪಿನಕಾಯಿ ತಗೊಂಡು ಬಾ, ಅಷ್ಟ ಸಾಕು" ಎಂದಳಂತೆ.

ಅಂದಿನಿಂದ ಅದು ರೂಢಿಯಾಯಿತು. ನಮ್ಮ ವಿಮಾನ ತಡವಾದ ದಿನ ನಮ್ಮವರು ಇಬ್ಬರು ಆಚೆ ಹೋಗುವರು. ಉಪ್ಪಿನಕಾಯಿ ಬರುತ್ತಿತ್ತು. ಎಲ್ಲ ಛಲೋ ಇತ್ತು.

ಆಮೇಲೆ ಅಳತೆ ಬಂತು.

ನಿಲ್ದಾಣದ ಕ್ಯಾಂಟೀನಿನ ಗೋಡೆಗೆ ಒಂದು ದೊಡ್ಡ ಟಿವಿ ಹಾಕಿದರು. ಅದರಲ್ಲಿ ಸಿನಿಮಾ ಇಲ್ಲ, ಸುದ್ದಿ ಇಲ್ಲ. ಒಂದು ಕೆಂಪು ಪಟ್ಟಿ, ಒಂದು ಹಸಿರು ಪಟ್ಟಿ. ಯಾರ ವಿಮಾನ ಬಂದು ಎಷ್ಟು ಬೇಗ ತಿರುಗಿ ಹೋಯಿತು ಎಂದು ಪಟ್ಟಿಯ ಉದ್ದದ ಮೇಲೆ ತಿಳಿಯುತ್ತದೆ; ತಡವಾದಷ್ಟೂ ಪಟ್ಟಿ ಉದ್ದ. ಪಟ್ಟಿಯ ಪಕ್ಕದಲ್ಲಿ ಸಣ್ಣ ಸಣ್ಣ ಮನುಷ್ಯರ ಚಿತ್ರ. ಕೆಂಪಿಗೆ ಆರು ಚಿತ್ರ, ಹಸಿರಿಗೆ ನಾಲ್ಕು. ಓದು ಬಾರದವರಿಗೂ ತಿಳಿಯುವ ಹಾಗೆ ಮಾಡಿದ್ದರು, ಅದನ್ನು ಒಪ್ಪಬೇಕು.

ಸಿದ್ದಾರ್ಥ ಎನ್ನುವ ಹುಡುಗ ನಿಲ್ದಾಣ ನಡೆಸುವವರ ಹೈದರಾಬಾದಿನ ಆಫೀಸಿನಿಂದ ಬಂದ, ಎಲ್ಲ ಊರಿನ ನಿಲ್ದಾಣಗಳನ್ನೂ ಒಂದಕ್ಕೊಂದು ಹೋಲಿಸಿ ನೋಡುವುದು ಅವನ ಕೆಲಸ. ಕೆಟ್ಟವನಲ್ಲ. ಎಲ್ಲರಿಗೂ ನಮಸ್ಕಾರ ಮಾಡಿದ, ಮೊದಲ ದಿನ ಕೆಂಪು ಬಾಲದೊಳಗೆ ಹತ್ತಿ ಹೆಂಗಸರ ದಾರಿಗೆ ಅಡ್ಡ ಬರಬಾರದೆಂದು ಸೀಟಿನ ಮೇಲೆ ಕಾಲು ಮಡಚಿ ಕೂತ.

"ಅಮ್ಮ, ಇದರಲ್ಲಿ ಒಬ್ಬೊಬ್ಬರಿಗೆ ಎಷ್ಟು ಸಾಲು?" ಎಂದು ದುರ್ಗಾದೇವಿಯನ್ನು ಕೇಳಿದ.

"ಹಂಗ ಹಂಚಿಕೊಂಡಿಲ್ರಿ. ಎಲ್ಲಾರೂ ಕೂಡಿ ಮುಗಸ್ತೀವಿ."

"ಆದರೂ ಅಂದಾಜು?"

ಕಳಕಮ್ಮ ನಡುವೆ ಬಾಯಿ ಹಾಕಿದಳು. "ಸಾಹೇಬ್ರ, ನಿಮ್ಮ ಮನ್ಯಾಗ ರೊಟ್ಟಿ ಒಬ್ಬೊಬ್ರಿಗೆ ಎಷ್ಟ ಬೆರಳು ಅಂತ ಕೇಳ್ತೀರೇನ?" ಅವನೂ ನಕ್ಕ. ನಕ್ಕು, ಆರಕ್ಕೆ ಭಾಗಿಸಿ ಬರೆದುಕೊಂಡ.

ಮರುದಿನ ಹಸಿರು ಬಾಲದ ಮುಂದಿನ ಬಾಗಿಲಿನ ಹತ್ತಿರ ನಿಂತು ಅಳೆದ. ನಮ್ಮ ವಿಮಾನ ತಡ ಇತ್ತು. ದುರ್ಗಾದೇವಿ, ಸುರೇಖಾ ಎಂದಿನ ಹಾಗೆ ಹಿಂದಿನ ಬಾಗಿಲಿನಿಂದ ಹತ್ತಿದರು, ಎಂದಿನ ಹಾಗೆ ಇಳಿದರು. ಅವನು ಮುಂದಿನ ಬಾಗಿಲಿನಲ್ಲಿ ನಾಲ್ಕು ಮಂದಿ ಹತ್ತಿದ್ದನ್ನು ಕಂಡ, ನಾಲ್ಕು ಮಂದಿ ಇಳಿದದ್ದನ್ನು ಕಂಡ. ಬರೆದುಕೊಂಡು ಹೋದ.

ಸ್ವಲ್ಪ ದಿನಕ್ಕೆ ನಮ್ಮ ಕಡೆಯ ಸುಪರ್‌ವೈಜರ ಪ್ರಭುರಾಜ ದುರ್ಗಾದೇವಿಯನ್ನು ತನ್ನ ಕೋಣೆಗೆ ಕರೆದ. ಅವನು ಕುಷ್ಟಗಿ ಕಡೆಯವನು, ಇನ್ನೂ ಮದುವೆಯಾಗದ ಹುಡುಗ, ಹೆಂಗಸರ ಮೇಲೆ ದನಿ ಎತ್ತಿದವನಲ್ಲ.

"ದುರ್ಗಮ್ಮ, ಟಿವಿ ನೋಡೀರಿಲ್ಲ?"

"ದಿನಾ ನೋಡ್ತೀವ್ರಿ ಸರ."

"ಅವರು ನಾಕು ಮಂದಿ, ನೀವು ಆರು ಮಂದಿ. ಹೊತ್ತು ಮಾತ್ರ ಅಷ್ಟ. ಇಬ್ರು ಹೆಚ್ಚಿಗಿ ಯಾಕ ಅಂತ ಮ್ಯಾಲಿನವ್ರು ಕೇಳ್ಯಾರ. ಅಮಾಸಿ ಒಳಗ ಇಬ್ರನ್ನ ಬಿಡಸ್ಬೇಕು. ಯಾರನ್ನ ಅಂತ ನೀವ ಹೇಳ್ರಿ. ನೀವ ಕರಕೊಂಡು ಬಂದವ್ರು, ನಾ ಹೇಳಿದ್ರ ಛಂದ ಆಗಂಗಿಲ್ಲ."

"ಅದು ನಾಕು ಅಲ್ರಿ ಸರ."

"ಅಲ್ಲಾಂದ್ರ?"

"ಅದರಾಗ ನಮ್ಮ ಕೈನೂ ಅದಾವ್ರಿ" ಎಂದು ದುರ್ಗಾದೇವಿ ಎಲ್ಲ ಹೇಳಿದಳು.

ಪ್ರಭುರಾಜ ಎದ್ದು ಬಾಗಿಲು ಹಾಕಿದ. "ನನ್ನ ಮುಂದ ಅಂದ್ರಿ, ಆತು. ಇನ್ನೊಬ್ರ ಮುಂದ ಅನ್ನಬ್ಯಾಡ್ರಿ. ಬ್ಯಾರೆ ಕಂಪನಿ ವಿಮಾನ ಹತ್ತೀವಿ ಅಂತ ಗೊತ್ತಾದ್ರ ನಿಮ್ಮ ಆರೂ ಮಂದಿ ಪಾಸು ಕಸಗೋತಾರ. ಹತ್ತಿಸಿಕೊಂಡ್ರು ಅಂತ ಆ ನಾಕು ಮಂದೀದೂ."

ಹೇಳಿದರೆ ಹತ್ತು ಮಂದಿಯ ಕೆಲಸ ಹೋಗುತ್ತದೆ, ಹೇಳದಿದ್ದರೆ ಇಬ್ಬರದು. ಆ ಸಂಜೆ ಸೊಸೆ ರೊಟ್ಟಿ ಬಡಿಯುತ್ತ ಇದನ್ನು ಹೇಳಿದಾಗ ನನ್ನ ತಲೆ ಕೆಟ್ಟುಹೋಯಿತು. ಇದೆಂಥ ಅಳತೆ? ಅಳೆಯುವವನು ನಮ್ಮ ಗದ್ದೆಯ ಬದುವಿಗೆ ಬಂದಿದ್ದರೆ ಏನು ಮಾಡುತ್ತಿದ್ದ? ಗಲ್ಲಿಯಲ್ಲಿ ಸಿಕ್ಕಿಕೊಂಡು ಗೆರೆಗೆ ಬಂದವಳನ್ನು ಚುರುಕು ಎಂದು ಬರೆದುಕೊಂಡು, ಎರಡೂ ಬದಿಯವರು ಯಾಕೆ ನಿಧಾನವಾದರು ಎಂದು ಕೇಳುತ್ತಿದ್ದ.

"ಯಾರನ್ನ ಹೇಳ್ತಿ?" ಎಂದು ಕೇಳಿದೆ.

"ಯಾರನ್ನೂ ಹೇಳಂಗಿಲ್ಲ" ಎಂದು ಹಿಟ್ಟನ್ನು ಪರಾತಕ್ಕೆ ಬಡಿದಳು.

ನನಗೆ ತಡೆಯಲಾಗಲಿಲ್ಲ. ಮರುದಿನ ಆಕೆ ಕೆಲಸಕ್ಕೆ ಹೋದ ಮೇಲೆ, ಆಕೆಗೆ ಹೇಳದೆ ಮಲಿಕಸಾಬನ ಟಂಟಂ ಹತ್ತಿ ನಿಲ್ದಾಣದ ಗೇಟಿಗೆ ಹೋಗಿ ಕೂತೆ. ಪ್ರಭುರಾಜ ಚಹಾ ಕುಡಿಯಲು ಹೊರಗೆ ಬಂದ. ನಾನು ಯಾರೆಂದು ತಿಳಿದ ಮೇಲೆ ನನಗೂ ಒಂದು ಚಹಾ ಹೇಳಿದ.

"ತಮ್ಮಾ, ಆ ಅಳಿಯೋ ಹುಡುಗನ್ನ ಇನ್ನೊಮ್ಮಿ ಕರಸು. ಹಿಂದಿನ ಬಾಗಲದಾಗ ನಿಂದ್ರಿಸು" ಎಂದೆ.

"ಅಂವ ಬರಂಗಿಲ್ಲವ್ವಾ. ಎಷ್ಟು ದಿನದಾಗ ಎಷ್ಟು ನಿಲ್ದಾಣ ಮುಗಿಸಿದ ಅಂತ ಅವನ್ನೂ ಅಳೀತಾರ. ಎರಡೂ ಬಾಗಲದಾಗ ನಿಂತ್ರ ಅವನ ಪಟ್ಟಿ ಉದ್ದ ಆಗ್ತೈತಿ."

"ನಿನಗೂ ಪಟ್ಟಿ ಐತೇನು?"

"ಐತಿ. ನನ್ನ ಗುತ್ತೇದಾರ ಆರು ಮಂದಿ ಇಟಗೊಂಡ್ರ ಕೆಂಪು ಕಂಪನಿಯವ್ರು ಆ ಹಸಿರು ಕಡೆ ಗುತ್ತೇದಾರಗ ಕೆಲಸ ಕೊಡ್ತಾರ. ಅಂವ ನಾಕು ಮಂದಿಯಿಂದ ಮಾಡಿಸ್ತೀನಿ ಅಂತಾನ. ಆವಾಗ ನಿಮ್ಮ ಆರೂ ಮಂದಿ ಹೊರಗ, ನಾನೂ ಹೊರಗ."

"ಅಂವಗ ನಾಕು ಮಂದಿಯಿಂದ ಆಗಂಗಿಲ್ಲ ಅಂತ ನಿನಗ ಗೊತ್ತೈತಲ್ಲ?"

"ನನಗ ಗೊತ್ತೈತಿ. ಟಿವಿಗೆ ಗೊತ್ತಿಲ್ಲ" ಎಂದು ಚಹಾದ ಲೋಟ ಕೆಳಗಿಟ್ಟ.

ನಾನು ಬಿಸಿಲಲ್ಲಿ ಎದ್ದು ಬಂದೆ. ಬೈಯಬೇಕೆಂದರೆ ಬೈಯುವ ಹಾಗೆ ಒಬ್ಬನೂ ಸಿಗಲಿಲ್ಲ. ಅದೇ ನನಗೆ ಹೆಚ್ಚು ಸಂಕಟ. ಒಬ್ಬ ದುಷ್ಟ ಇದ್ದರೆ ಅವನ ಮನೆ ಮುಂದೆ ಹೋಗಿ ಕೂತಾದರೂ ಬರಬಹುದು.

ಇಬ್ಬರು ಹೋಗಬೇಕು ಎಂಬ ಸುದ್ದಿ ಟಂಟಂನಲ್ಲಿ ಎಲ್ಲರಿಗೂ ತಿಳಿಯಿತು. ಮೊದಲು ಮಾತಾಡಿದವಳು ಶಹನಾಜಬೇಗಂ.

"ದುರ್ಗವ್ವ, ನಾಳಿಂದ ನೀವು ನಮ್ಮ ಕಡೆ ಬರಬ್ಯಾಡ್ರಿ."

"ಯಾಕ ಆಪಾ, ಉಪ್ಪಿನಕಾಯಿ ತೀರೇತೇನು?" ಎಂದಳು ಕಳಕಮ್ಮ. ಯಾರೂ ನಗಲಿಲ್ಲ.

"ಚೇಷ್ಟಿ ಅಲ್ಲ. ನಾವು ನಾಕು ಮಂದಿ ಸಿಕ್ಕಿಬೀಳ್ತೀವಿ. ವಿಮಾನ ತಡ ಆಗ್ಲಿ. ಅದನ್ನ ಅಳೀಲಿ."

"ನಿನ್ನ ಬೈತಾರ."

"ಬೈಯ್ಲಿ. ನಿಮ್ಮ ಕೈ ಇಟಗೊಂಡು ನಾ ಶಾಣ್ಯಾಕಿ ಅನಿಸಿಕೊಂಡೀನಿ. ಆ ಟಿವಿ ನೋಡಾಕ ನನಗ ನಾಚಿಕಿ ಬರ್ತೈತಿ."

ದುರ್ಗಾದೇವಿ ಒಪ್ಪಲಿಲ್ಲ. ಉಳಿದ ಹೆಂಗಸರು ಒಪ್ಪಿಸಿದರು. ಒಂದು ವಾರ ಯಾರೂ ಆಚೆ ಹೋಗಬಾರದು ಎಂದು ಮಾತಾಯಿತು.

ಆ ವಾರ ನನ್ನ ಸೊಸೆ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ಮೊದಲ ದಿನವೇ ಕೆಂಪು ಬಾಲ ತಡವಾಗಿ ಬರುವುದಿತ್ತು. ಹಸಿರು ಬಾಲ ಬಂದು ನಿಂತಿತು. ನಾಲ್ಕು ಮಂದಿ ಹತ್ತಿದರು. ನಮ್ಮ ಆರು ಮಂದಿ ನೆರಳಲ್ಲಿ ನಿಂತರು. ಕಿಟಕಿಯಲ್ಲಿ ಶಹನಾಜಬೇಗಂ ಬಗ್ಗುವುದು ಏಳುವುದು ಕಾಣುತ್ತಿತ್ತು. ಬಿಸಿಲಲ್ಲಿ ಸಾಲು ನಿಂತವರಲ್ಲಿ ಒಬ್ಬ ಮುದುಕ ಕೆಳಗೆ ಕೂತುಬಿಟ್ಟ. ಕೂಸೊಂದು ಚೀರುತ್ತಿತ್ತು. ಸುರೇಖಾಳ ಕಾಲು ತಾನೇ ಒಂದು ಹೆಜ್ಜೆ ಮುಂದೆ ಹೋಯಿತಂತೆ. ದುರ್ಗಾದೇವಿ ಆಕೆಯ ಸೆರಗು ಹಿಡಿದು ನಿಲ್ಲಿಸಿದಳು.

"ಎರಡು ಕೈ ಕಟಗೊಂಡು ನಿಂತೆ ಅತ್ತಿ. ಕೈ ನಂದಲ್ಲ ಅನಿಸ್ತು" ಎಂದಳು ಆ ಸಂಜೆ. ಆಮೇಲೆ, "ನೀ ಇದ್ದಿದ್ರ ಗುಂಪಿನಿಂದ ನನ್ನ ತಗೀತಿದ್ದಿ" ಎಂದಳು. ಆಕೆ ಹೇಳಿದ್ದು ಖರೆ ಇತ್ತು.

ವಾರ ಮುಗಿಯುವುದರೊಳಗೆ ಟಿವಿಯ ಹಸಿರು ಪಟ್ಟಿ ಉದ್ದವಾಗುತ್ತ ಹೋಯಿತು. ಹಸಿರು ಕಡೆಯ ಸುಪರ್‌ವೈಜರ ಶಹನಾಜಬೇಗಂಳನ್ನು ಎಲ್ಲರ ಎದುರಿಗೆ ಬೈದ, ವಯಸ್ಸಾಯಿತು, ಕೈ ಸೋತಿದೆ ಎಂದ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಆಮೇಲೆ ಹೈದರಾಬಾದಿನಿಂದ ಹೊಸ ಹುಕುಂ ಬಂತು. ಇಷ್ಟು ದೊಡ್ಡ ವಿಮಾನಕ್ಕೆ ಐದು ಮಂದಿ, ಎರಡೂ ಕಂಪನಿಗೂ. ಆರು ಹೆಚ್ಚು, ನಾಲ್ಕು ಕಡಿಮೆ, ನಡುವೆ ಐದು. ಯಾಕೆ ಐದು ಎಂದು ಯಾರೂ ಹೇಳಲಿಲ್ಲ, ಕೇಳುವುದಕ್ಕೂ ಯಾರೂ ಇರಲಿಲ್ಲ. ಹಸಿರು ಕಡೆ ಒಬ್ಬಾಕೆ ಹೆಚ್ಚಾಗಬೇಕು, ನಮ್ಮ ಕಡೆ ಒಬ್ಬಾಕೆ ಹೋಗಬೇಕು.

ಇದನ್ನು ಕೇಳುವವರು ನಾನು ಅಂದುಕೊಂಡದ್ದನ್ನೇ ಅಂದುಕೊಳ್ಳುತ್ತಾರೆ. ಇಲ್ಲಿ ಹೋದವಳು ಅಲ್ಲಿಗೆ ಸೇರಿದರೆ ಮುಗಿಯಿತಲ್ಲ? ಶಹನಾಜಬೇಗಂ ಅಂದೇ ಹೋಗಿ ಕೇಳಿದಳು. ಆಗುವುದಿಲ್ಲ ಎಂದರು. ಒಬ್ಬರ ಹತ್ತಿರ ಕೆಲಸ ಮಾಡಿದವರನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದು ಎಂದು ಎರಡೂ ಗುತ್ತೇದಾರರ ನಡುವೆ ಮೊದಲೇ ಮಾತಾಗಿದೆಯಂತೆ. ಗುತ್ತೇದಾರರು ತಮ್ಮ ತಮ್ಮಲ್ಲಿ ಕೂಡಿಕೊಂಡು ಇಂಥ ಮಾತು ಮಾಡಿಕೊಳ್ಳಬಹುದು. ಹೆಂಗಸರು ಕೂಡಿಕೊಂಡು ಎರಡು ಸೀಟು ಒರೆಸಿದರೆ ಪಾಸು ಕಸಿದುಕೊಳ್ಳುತ್ತಾರೆ. ಇದನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ನನಗೆ ಸಮಾಧಾನ ಆಗಲಿಲ್ಲ.

ಪ್ರಭುರಾಜ ಮತ್ತೆ ಕರೆದು, "ಒಬ್ಬರ ಹೆಸರು ಹೇಳ್ರಿ ದುರ್ಗಮ್ಮ" ಎಂದ.

"ದುರ್ಗಾದೇವಿ" ಎಂದಳು.

ಮನೆಗೆ ಬಂದು ಹೇಳಿದಾಗ ನಾನು ಬಾಯಿಗೆ ಬಂದಂತೆ ಬೈದೆ. "ನೀ ಎಬ್ಬಿಸಿಕೊಂಡು ಹೋಗದಿದ್ರ ಅವರಿಗೆ ಆ ಗೇಟು ಎಲ್ಲೈತಿ ಅಂತ ಗೊತ್ತಿತ್ತೇನು? ಕಟ್ಟಿದಾಕಿ ನೀನು, ಬಿಡಾಕಿನೂ ನೀನ ಏನು?"

"ಮತ್ತ್ಯಾರು ಅತ್ತಿ? ಕಳಕಮ್ಮನ ಮೊಣಕಾಲು ಕೆಸರಿಗೆ ಇಳಿಯಂಗಿಲ್ಲ. ಸುರೇಖಾಗ ಮನ್ಯಾಗ ದುಡಿಯೋರು ಯಾರದಾರ? ಉಳಿದವ್ರೂ ನನ್ನ ಮಾತು ಕೇಳಿ ಬಂದವ್ರು. ನನ್ನ ನಡಾ ಇನ್ನೂ ಬಗ್ತೈತಿ. ಕಾಲುವಿಗೆ ನೀರು ಬಿಟ್ಟಾರ."

ಮರಿಸ್ವಾಮಿ ಕಾರ್ಖಾನೆಯಿಂದ ಬಂದು ಎಲ್ಲ ಕೇಳಿ, "ಅವ್ವ, ಆಕಿ ಹೇಳಿ ಬಂದಾಳ, ಇನ್ನ ಬಿಡು" ಎಂದು ಕೈ ತೊಳೆಯಲು ಹೋದ. ಮರುದಿನ ಕಳಕಮ್ಮ ಬಂದು ಅಂಗಳದಲ್ಲಿ ಕೂತಳು. ನಾನು ಹೋಗ್ತೀನಿ ಅಂತ ಆಕೆ, ಬ್ಯಾಡ ಅಂತ ಈಕೆ. ಕೊನೆಗೆ ಕಳಕಮ್ಮ, "ಜ್ವಾಳದ ಹೊಲದಾಕಿ, ನಿನ್ನ ಮೊಂಡತನ ನಮ್ಮ ಗದ್ದ್ಯಾಗ ತೊಳದು ಹೋಗೇತಿ ಅಂತ ಮಾಡಿದ್ನಿ" ಎಂದು ಕಣ್ಣು ಒರೆಸಿಕೊಂಡು ಹೋದಳು.

ನಾಟಿಯ ಹೊತ್ತಿಗೆ ನಾನೂ ದುರ್ಗಾದೇವಿಯೂ ಸಿದ್ದಾಪುರಕ್ಕೆ ಬಂದು ನನ್ನ ತಂಗಿಯ ಮನೆಯಲ್ಲಿ ಉಳಿದೆವು. ನನ್ನ ಹಳೆಯ ಗುಂಪನ್ನು ಈಗ ಬೇರೆಯವರು ನಡೆಸುತ್ತಾರೆ. ನನಗೆ ಬಗ್ಗಲು ಆಗುವುದಿಲ್ಲ. ಬದುವಿನ ಮೇಲೆ ನೀರಿನ ಕೊಡ, ಬುತ್ತಿ ಕಾಯುತ್ತ ಕೂತೆ.

ಆಕೆ ಕೆಸರಿಗೆ ಇಳಿದು ಗೆರೆಗೆ ನಿಂತಳು. ಶುರುವಿನಲ್ಲಿ ಎಲ್ಲರ ಜೊತೆ ಸರಿದಳು. ಸ್ವಲ್ಪ ಹೊತ್ತಿಗೆ ಕೈ ತಡವರಿಸತೊಡಗಿತು. ಇಷ್ಟು ವರ್ಷ ಒಣ ನೆಲದ ಮೇಲೆ ನಿಂತು ಮಾಡಿದ ಕೆಲಸ, ಕಾಲಿಗೆ ಕೆಸರು ಮರೆತುಹೋಗಿತ್ತು. ಉಳಿದವರು ಹಿಂದಕ್ಕೆ ಸರಿದರು, ಆಕೆ ಮುಂದೆ ಉಳಿದಳು. ಎರಡೂ ಬದಿಗೆ ಸಸಿ ಎದ್ದು ಸೊಸೆ ಮೊದಲ ದಿನದ ಹಾಗೆ ಗಲ್ಲಿಯೊಳಗೆ ಸಿಕ್ಕಿಕೊಂಡಳು. ನಾನು ಕೂತಲ್ಲಿಂದ ನೋಡಿದೆ. ಆಕೆಯ ಎಡಕ್ಕೂ ಬಲಕ್ಕೂ ಇದ್ದ ಹೆಂಗಸರು ಆಕೆಗೆ ಗುರುತಿನವರೂ ಅಲ್ಲ, ಹೊಸಬರು. ತಲೆ ಎತ್ತಲಿಲ್ಲ. ಕೈ ಅಗಲ ಮಾಡಿಕೊಂಡರು.

ಬುತ್ತಿ ಬಿಚ್ಚಿದಾಗ ಸೊಸೆಯ ಫೋನು ಬಡಿಯಿತು. ಕಳಕಮ್ಮ. ಆಕೆಯ ದನಿ ನನಗೂ ಕೇಳುತ್ತಿತ್ತು.

"ಹೆಂಗದೀ ಬೇ? ಇವತ್ತ ಹಸಿರು ಕಡೆ ಹೊಸ ಹುಡುಗಿ ಬಂದಿಲ್ಲ, ಮತ್ತ ನಾಕ ಮಂದಿ ಆಗಿದ್ರು. ಜನ ಬಿಸಲಾಗ ನಿಂತಿದ್ರು. ನಾನು, ಸುರೇಖಾ ಹಿಂದಿನ ಬಾಗಲಿಂದ ಹತ್ತಿ..."

"ಯಕ್ಕ!" ಎಂದು ದುರ್ಗಾದೇವಿ ಚೀರಿದಳು. ಬದುವಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. "ಬ್ಯಾಡ ಅಂತ ಎಷ್ಟ ಸಲ ಹೇಳೀನಿ? ನಾ ಬಿಟ್ಟು ಬಂದದ್ದು ಯಾತಕ್ಕ? ಮತ್ತ ಟಿವ್ಯಾಗ ನಾಕು ಅಂತ ಬರ್ತೈತಿ, ಮತ್ತ ಯಾರಾದ್ರೂ ಅಳಿಯಾಕ ಬರ್ತಾರ, ನಿಮ್ಮನ್ನೂ ನಾಕು ಮಾಡ್ತಾರ!"

"ಗೊತ್ತೈತಿ ಬೇ. ನೋಡಿಕೋತ ನಿಂದ್ರಾಕ ಆಗವಲ್ದು."

ದುರ್ಗಾದೇವಿ ಫೋನನ್ನು ನನ್ನ ಕೈಗೆ ಕೊಟ್ಟು, ಅರ್ಧ ರೊಟ್ಟಿ ಹಾಗೆಯೇ ಬಿಟ್ಟು, ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗೆ ಇಳಿದಳು. ಇನ್ನೂ ಯಾರೂ ಊಟ ಮುಗಿಸಿರಲಿಲ್ಲ. ಬೆಳಿಗ್ಗೆ ಆಕೆಗೆ ಕೈ ಹಚ್ಚಿದ ಇಬ್ಬರ ಪಾಲಿನಲ್ಲಿ ಹೋಗಿ ನಿಂತು, ಒಬ್ಬಳೇ ಸಸಿ ಚುಚ್ಚತೊಡಗಿದಳು.

ಫೋನಿನಲ್ಲಿ ಕಳಕಮ್ಮ ಇನ್ನೂ, "ದುರ್ಗೀ, ಕೇಳಾಕತ್ತಿಯೇನ?" ಎನ್ನುತ್ತಿದ್ದಳು.

"ಕೇಳ್ಯಾಳ" ಎಂದೆ ನಾನು. ಬಂದ್ ಮಾಡುವುದು ಹೇಗೆಂದು ಗೊತ್ತಾಗದೆ ಫೋನನ್ನು ಹಾಗೆಯೇ ಬುತ್ತಿಯ ಅರಿವೆಯ ಮೇಲೆ ಇಟ್ಟೆ.